ಪೆಟ್ಟು ಮಂಡಿಗೆ, ಸೊರಗುವುದು ತೊಡೆ ಏಕೆ?

ಅತ್ತಿವೇರಿಯ ಸುತ್ತಮುತ್ತ ಕಬಡ್ಡಿ ಆಡಿ ಬೆಳೆದವರಿಗೆ, ಹಳಿಯಾಳದ ಅಖಾಡಗಳಲ್ಲಿ ಕುಸ್ತಿ ನೋಡಿದವರಿಗೆ ಈ ಸಂಗತಿ ಹೊಸದಲ್ಲ. ಆಟದ ಮಧ್ಯೆ ಮಂಡಿ ತಿರುಚುತ್ತದೆ, ಒಳಗೆ ‘ಟಪ್’ ಎನ್ನುತ್ತದೆ, ಸಂಜೆಯೊಳಗೆ ಊದಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ನೋವು ಇಳಿದರೂ ತೊಡೆ ಸಣ್ಣಗಾಗುತ್ತ ಹೋಗುತ್ತದೆ. ಮೆಟ್ಟಿಲು ಇಳಿಯುವಾಗ ಕಾಲು ಕೈಕೊಡುತ್ತದೆ. ಪೆಟ್ಟು ಬಿದ್ದದ್ದು ಮಂಡಿಗೆ, ಸೊರಗಿದ್ದು ತೊಡೆ. ಹೀಗೇಕೆ? ಶರೀರಶಾಸ್ತ್ರ ಓದದಿದ್ದರೂ ನಿಮಗೆ ಇದು ಅರ್ಥವಾಗುತ್ತದೆ. ನಿಮ್ಮ ಕಾಲಿನಿಂದಲೇ ಆರಂಭಿಸೋಣ.

ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ. ಮಂಡಿಚಿಪ್ಪಿನ ಮೇಲ್ಗಡೆ, ತೊಡೆಯ ಮುಂಭಾಗದಲ್ಲಿ ಕೈಯಿಟ್ಟು ನೋಡಿ. ಅಲ್ಲಿ ಬಿಗಿಯಾಗಿರುವುದು ಕ್ವಾಡ್ರಿಸೆಪ್ಸ್, ಅಂದರೆ ನಾಲ್ಕು ಭಾಗಗಳಿರುವ ದೊಡ್ಡ ಸ್ನಾಯು. ಮಂಡಿಯನ್ನು ನೇರ ಮಾಡುವುದು ಇದರ ಕೆಲಸ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಮಂಡಿಯನ್ನು ಮಡಿಸುತ್ತವೆ. ಎಲುಬಿನಿಂದ ಎಲುಬಿಗೆ ಬಿಗಿದಿರುವ ಗಟ್ಟಿ ಪಟ್ಟಿಗೆ ಲಿಗಮೆಂಟ್ ಅಥವಾ ಅಸ್ಥಿರಜ್ಜು ಎನ್ನುತ್ತಾರೆ. ಮಂಡಿಯ ಒಳಗೆ ಇಂಥ ಎರಡು ಪಟ್ಟಿಗಳು ಕತ್ತರಿಯಾಕಾರದಲ್ಲಿ ಹಾಯ್ದುಹೋಗುತ್ತವೆ. ಮುಂದಿನದು ಎಸಿಎಲ್. ಕೆಳಗಾಲಿನ ಎಲುಬು ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಚದಂತೆ ಅದು ಹಿಡಿದಿಡುತ್ತದೆ. ಓಡುತ್ತಿದ್ದವರು ಪಾದ ಊರಿ ಥಟ್ಟನೆ ತಿರುಗಿದಾಗ ಹರಿಯುವ ಪಟ್ಟಿ ಬಹುಮಟ್ಟಿಗೆ ಇದೇ.

ಎಸಿಎಲ್‌ಗೆ ಇನ್ನೊಂದು ಕೆಲಸವೂ ಇದೆ. ಕಣ್ಣು ಮುಚ್ಚಿ ಮಂಡಿಯನ್ನು ಅರ್ಧ ಮಡಿಸಿ. ನೋಡದೆಯೇ ಅದು ಎಷ್ಟು ಮಡಿಸಿದೆ ಎಂದು ನಿಮಗೆ ಗೊತ್ತಾಯಿತಲ್ಲವೇ? ದೇಹದ ಈ ಒಳ ಅರಿವಿಗೆ ಬ್ರಿಟನ್ನಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಪ್ರೊಪ್ರಿಯೋಸೆಪ್ಷನ್ ಎಂಬ ಹೆಸರು ಕೊಟ್ಟರು. ಸ್ನಾಯುಗಳಲ್ಲಿ, ಕೀಲಿನ ಹೊದಿಕೆಯಲ್ಲಿ, ಎಸಿಎಲ್‌ನಲ್ಲಿಯೂ ಇರುವ ಸೂಕ್ಷ್ಮ ನರತುದಿಗಳು ಎಳೆತವನ್ನು ಗುರುತಿಸಿ ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ. ಪಟ್ಟಿ ಹರಿದಾಗ ಅಲ್ಲಿಂದ ಬರುವ ಸುದ್ದಿಯೂ ಕಡಿಯುತ್ತದೆ.

ಮುಂದೆ ಆಗುವ ಬದಲಾವಣೆಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಬೆನ್ನುಹುರಿಯಲ್ಲಿ. ಊದಿದ ಮಂಡಿಯಿಂದ ಬರುವ ಸಂಕೇತಗಳು ಕ್ವಾಡ್ರಿಸೆಪ್ಸ್‌ಗೆ ಹೋಗುವ ಆಜ್ಞೆಯನ್ನು ತಗ್ಗಿಸುತ್ತವೆ. ಇದಕ್ಕೆ ನೋವೇ ಬೇಕೆಂದಿಲ್ಲ. ಆರೋಗ್ಯವಂತರ ಮಂಡಿಗೆ ಉಪ್ಪುನೀರಿನ ದ್ರಾವಣ ತುಂಬಿಸಿ ನಡೆಸಿದ ಪ್ರಯೋಗಗಳಲ್ಲಿ, ಕೇವಲ 20ರಿಂದ 30 ಮಿ.ಲೀ. ದ್ರವಕ್ಕೇ ತೊಡೆಯ ಒಳಬದಿಯ ಸ್ನಾಯು ಮಂಕಾದದ್ದು ಕಂಡುಬಂದಿದೆ. ಬಾವಿಯ ಪಂಪ್‌ಸೆಟ್ ಸರಿಯಾಗಿದ್ದೂ ವೋಲ್ಟೇಜ್ ಇಲ್ಲದೆ ನೀರೆತ್ತದ ಸ್ಥಿತಿ ಇದು. ವೈದ್ಯರು ಇದನ್ನು ಆರ್ಥ್ರೋಜೆನಿಕ್ ಮಸಲ್ ಇನ್ಹಿಬಿಷನ್ ಎನ್ನುತ್ತಾರೆ. ಕೀಲಿನ ತೊಂದರೆಯಿಂದ ಸ್ನಾಯುವಿಗೆ ಬೀಳುವ ತಡೆ ಎಂದು ಇದರ ಅರ್ಥ.

ಎರಡನೆಯ ಬದಲಾವಣೆ ಸ್ನಾಯುವಿನಲ್ಲೇ ಆಗುತ್ತದೆ. ಆಜ್ಞೆ ಸಾಲದ ಸ್ನಾಯುವಿನ ಎಳೆಗಳು ತೆಳುವಾಗುತ್ತವೆ, ತೊಡೆಯ ಸುತ್ತಳತೆ ಇಳಿಯುತ್ತದೆ. ಇತ್ತ ಹ್ಯಾಮ್‌ಸ್ಟ್ರಿಂಗ್ ಬಿಗಿಹಿಡಿಯುವುದರಿಂದ ಮಂಡಿ ಪೂರ್ತಿ ನೇರವಾಗದೆ ಕುಂಟು ನಡಿಗೆ ಉಳಿಯಬಹುದು.

ಮೂರನೆಯದು ಮಿದುಳಿನಲ್ಲಿ. ಮಂಡಿಯ ಸುದ್ದಿ ಕಡಿಮೆಯಾದಾಗ ಮಿದುಳು ಕಣ್ಣನ್ನು ಹೆಚ್ಚು ನೆಚ್ಚುತ್ತದೆ. ನೆಲ ನೋಡಿಕೊಂಡು ನಡೆಯುವಾಗ ಗಟ್ಟಿಯಾಗಿರುವ ಕಾಲು, ಎದುರಾಳಿಯ ಮೇಲೆ ಕಣ್ಣಿಟ್ಟೊಡನೆ ತಡವರಿಸಬಹುದು. ಪೆಟ್ಟಾಗದ ಇನ್ನೊಂದು ಕಾಲಿನ ಕ್ವಾಡ್ರಿಸೆಪ್ಸ್‌ಗೂ ಆಜ್ಞೆ ಕುಗ್ಗುವುದುಂಟು.

ಹರಿದ ಎಸಿಎಲ್‌ಗೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ನಿಮ್ಮದೇ ದೇಹದ ಸ್ನಾಯುರಜ್ಜುವಿನ ತುಂಡು ತೆಗೆದು ಹೊಸ ಪಟ್ಟಿ ಕೂರಿಸುತ್ತಾರೆ. ಆದರೆ ಹಳೆಯ ನರತುದಿಗಳು ಅದರೊಂದಿಗೆ ಬರುವುದಿಲ್ಲ. ಆದ್ದರಿಂದ ನರಕ್ಕೂ ಸ್ನಾಯುವಿಗೂ ಮತ್ತೆ ಪಾಠವಾಗಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಮಂಡಿಯ ಮೇಲೆ 20 ನಿಮಿಷ ಇಟ್ಟರೆ ತಡೆ ಸ್ವಲ್ಪ ಹೊತ್ತು ಸಡಿಲುತ್ತದೆ. ಆ ಹೊತ್ತಿನಲ್ಲೇ ವ್ಯಾಯಾಮ ಮಾಡಿಸುವುದು ಒಳ್ಳೆಯದು. ಮೊದಲ ಪಾಠ ಸರಳ: ಕಾಲು ಚಾಚಿ ಕುಳಿತು, ಮಂಡಿಯಡಿ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ 5 ಸೆಕೆಂಡ್ ಹಿಡಿಯುವುದು. ಮಂಡಿಚಿಪ್ಪು ತೊಡೆಯ ಕಡೆಗೆ ಸರಿದರೆ ಆಜ್ಞೆ ತಲುಪಿದೆ ಎಂದು ತಿಳಿಯಿರಿ. ಏನೂ ಅಲುಗದಿದ್ದರೆ ಫಿಸಿಯೋಥೆರಪಿಸ್ಟ್ ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಸಣ್ಣ ವಿದ್ಯುತ್ ಮಿಡಿತದಿಂದ ಸ್ನಾಯುವನ್ನು ಎಬ್ಬಿಸುತ್ತಾರೆ. ಒಂಟಿಕಾಲಿನ ಸಮತೋಲ, ನೆಗೆತ, ತಿರುವು ಇವೆಲ್ಲ ಆಮೇಲಿನ ಪಾಠಗಳು.

ಆಟಕ್ಕೆ ಮರಳಲು ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ 9 ತಿಂಗಳು ಕಾಯಿರಿ ಎಂಬುದು ಈಗಿನ ಸಾಮಾನ್ಯ ಸಲಹೆ. 2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ಬಲಮಂಡಿಯ ಲಿಗಮೆಂಟ್‌ಗೆ ಪೆಟ್ಟು ಮಾಡಿಕೊಂಡ ಕ್ರಿಕೆಟಿಗ ರಿಷಭ್ ಪಂತ್, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿ 2024ರ ಮಾರ್ಚ್‌ನಲ್ಲಿ ಐಪಿಎಲ್ ಅಂಗಳಕ್ಕೆ ಇಳಿದರು.

ನಿಮ್ಮ ಊರಿನಲ್ಲಿ ಯಾರದಾದರೂ ಮಂಡಿ ತಿರುಚಿದ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಉಳುಕು ಎಂದು ಎಳೆಸಿ ತಿಕ್ಕಿಸದೆ ಮೂಳೆತಜ್ಞರಿಗೆ ತೋರಿಸಿ. ತರಬೇತಿ ಶುರುವಾದ ಮೇಲೆ ಎರಡೂ ಕಾಲಿಗೆ ವ್ಯಾಯಾಮ ಮಾಡಿಸಿ, ಮತ್ತು ಭಾರ ಎತ್ತಿಸುವ ಮೊದಲು ಟವೆಲ್ ಒತ್ತಿಸಿ ತೊಡೆ ಮುಟ್ಟಿ ನೋಡಿ. ಸ್ನಾಯು ಕರೆಗೆ ಓಗೊಡುವವರೆಗೆ ಭಾರಕ್ಕೆ ಅವಸರವಿಲ್ಲ.