ಒಂದೇ ಕಾಲು ಊದಿದರೆ ನೀವಬೇಡಿ!

ಮಕ್ಕಳೇ, ಆಟದಲ್ಲಿ ಬಿದ್ದು ಮೊಣಕಾಲು ತರಚಿದರೆ ಸ್ವಲ್ಪ ಹೊತ್ತಿಗೆ ರಕ್ತ ತಾನೇ ನಿಲ್ಲುತ್ತದೆ. ರಕ್ತದಲ್ಲಿರುವ ಕಿರುತಟ್ಟೆಗಳು ಗಾಯಕ್ಕೆ ಅಂಟಿಕೊಳ್ಳುತ್ತವೆ. ಫೈಬ್ರಿನ್ ಎಂಬ ಎಳೆಗಳು ಬಲೆ ಹೆಣೆಯುತ್ತವೆ. ರಕ್ತ ಹೆಪ್ಪುಗಟ್ಟುತ್ತದೆ. ಇದು ಜೀವ ಉಳಿಸುವ ಕೆಲಸ. ಆದರೆ ಗಾಯವಿಲ್ಲದೆ ರಕ್ತನಾಳದ ಒಳಗೇ ಹೆಪ್ಪು ಕಟ್ಟಿದರೆ ಅಪಾಯ.

ವಯಸ್ಸಾದವರಿಗೆ ಯಾಕೆ ಹೆಚ್ಚು?
ಕಾಲಿನ ರಕ್ತ ಮೇಲೆ ಹೃದಯಕ್ಕೆ ಹತ್ತಬೇಕು. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತದೆ, ಬೋರ್‌ವೆಲ್ ಕೈಪಂಪಿನ ಹಾಗೆ. ಸೊಂಟದ ಮೂಳೆ ಮುರಿದೋ, ಆಪರೇಷನ್ ಆಗಿಯೋ ಅಜ್ಜಿ ಮಲಗಿಬಿಟ್ಟರೆ ಪಂಪು ನಿಂತ ಹಾಗೆ. ರಕ್ತ ನಿಧಾನವಾಗಿ ಹೆಪ್ಪು ಕಟ್ಟಬಹುದು. ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ ಎಂದು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 19ನೇ ಶತಮಾನದಲ್ಲೇ ತೋರಿಸಿದರು.

ಗುರುತು ಹೇಗೆ?
ಒಂದೇ ಕಾಲು ಊದುವುದು, ನೋವು, ಮುಟ್ಟಿದರೆ ಬಿಸಿ, ಬಣ್ಣ ಬದಲು. "ವಾಯು ಹಿಡಿದದೆ, ಎಣ್ಣೆ ಹಾಕಿ ನೀವಿದ್ರೆ ಸರಿಹೋಯ್ತದೆ" ಅನ್ನುತ್ತಾರೆ. ಬೇಡ! ನೀವಿದರೆ ಹೆಪ್ಪು ಕಳಚಬಹುದು. ಅದೇ ದಿನ ಗುಂಡ್ಲುಪೇಟೆ ತಾಲ್ಲೂಕು ಆಸ್ಪತ್ರೆಗೋ ಚಾಮರಾಜನಗರದ ದೊಡ್ಡಾಸ್ಪತ್ರೆಗೋ ಹೋಗಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಬಸ್ಸಿಗೆ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಮಾತ್ರೆಯ ಕಥೆ
1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಬೂಷ್ಟು ಹಿಡಿದ ಒಂದು ಮೇವು ತಿಂದ ದನಗಳು ರಕ್ತ ಸೋರಿ ಸತ್ತವು. ಆ ಮೇವಿನಲ್ಲಿದ್ದ ವಸ್ತುವನ್ನು ಹುಡುಕುತ್ತಾ ಹೋದಾಗ ಮುಂದೆ ವಾರ್ಫರಿನ್ ಸಿಕ್ಕಿತು. ಮೊದಲು ಅದು ಇಲಿ ಪಾಷಾಣ, 1950ರ ದಶಕದಲ್ಲಿ ಮನುಷ್ಯರಿಗೆ ಔಷಧಿ! ಅಳತೆ ಸರಿಯಿದ್ದರೆ ಔಷಧಿ, ತಪ್ಪಿದರೆ ವಿಷ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಈಗ ಬೇರೆ ಹೊಸ ಮಾತ್ರೆಗಳೂ ಇವೆ.

ನೆನಪಿಡಿ
1. ಊತ ಇಳಿಯಿತು ಅಂತ ಮಾತ್ರೆ ನಿಲ್ಲಿಸಬಾರದು. ಒಂದು ಹೊತ್ತು ಮರೆತರೆ ಎರಡು ಒಟ್ಟಿಗೆ ನುಂಗಬಾರದು.
2. ಸೊಪ್ಪಿನಲ್ಲಿರುವ ಕೆ ಜೀವಸತ್ವ ವಾರ್ಫರಿನ್ ಕೆಲಸ ತಗ್ಗಿಸುತ್ತದೆ. ಹಾಗಂತ ಬಸ್ಸಾರು ಬಿಡಬೇಕಿಲ್ಲ, ವಾರವಾರ ಒಂದೇ ಅಳತೆಯಲ್ಲಿ ಉಣ್ಣಲಿ.
3. ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ, ನಾಟಿ ಔಷಧಿ ಕೊಡಬೇಡಿ.
4. ಮೂತ್ರ ಕೆಂಪಗಾದರೆ, ಮಲ ಕಪ್ಪಗಾದರೆ, ಬಿದ್ದು ತಲೆಗೆ ಪೆಟ್ಟಾದರೆ ತಡಮಾಡದೆ ಆಸ್ಪತ್ರೆಗೆ.
5. ಡಾಕ್ಟರು ಒಪ್ಪಿದರೆ ಕೈಹಿಡಿದು ನಡೆಸಿ. ಮಲಗಿದ್ದಲ್ಲೇ ಪಾದ ಮೇಲೆ ಕೆಳಗೆ ಆಡಿಸಲಿ.

ಮನೆಗೆಲಸ: ಅಜ್ಜಿ, ತಾತನ ಮಾತ್ರೆ ಚೀಟಿ ಓದಿ. ಹೆಸರು, ಹೊತ್ತು ದೊಡ್ಡಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ಅವರಿಗೆ ಓದು ಬಾರದಿದ್ದರೆ ನೀವೇ ಅವರ ಕಣ್ಣು.