ಭೂಮಿಯ ಮುಂದಿರುವುದು ತಾಪವೋ, ಹಿಮಯುಗವೋ?

ಭೂಮಿ ಬಿಸಿಯಾಗುತ್ತಿದೆಯೇ ಅಥವಾ ಮತ್ತೊಂದು ಹಿಮಯುಗ ಸಮೀಪಿಸುತ್ತಿದೆಯೇ ಎಂಬ ಸಂದೇಹ ಜನಸಾಮಾನ್ಯರಲ್ಲಿದೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಪರಾಕಾಷ್ಠೆಯಲ್ಲಿ, ಅಪಾರ ನೀರು ನೆಲದ ಮೇಲೆ ಹಿಮವಾಗಿ ನಿಂತುದರಿಂದ ಸಮುದ್ರಮಟ್ಟ ಸುಮಾರು 120 ಮೀಟರ್ ತಗ್ಗಿತ್ತು; ವಿಶಾಖಪಟ್ಟಣದ ತೀರವು ಕಡಲಿನತ್ತ ಬಹುದೂರ ಚಾಚಿತ್ತು. ಭೂಕಕ್ಷೆಯ ನಿಧಾನ ಬದಲಾವಣೆಗಳಿಂದ ಅಂತಹ ಶೈತ್ಯ ಮರಳಲು ಸಾವಿರಾರು ವರ್ಷಗಳು ಬೇಕು.

ಆದರೆ ಕಲ್ಲಿದ್ದಲು, ತೈಲಗಳ ದಹನದಿಂದ, ಶಾಖವನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ವಾಯುಮಂಡಲದಲ್ಲಿ ದಶಲಕ್ಷಕ್ಕೆ 280 ಭಾಗಗಳಿಂದ 420ಕ್ಕೂ ಮೇಲೇರಿದೆ. ಇದು ಕೆಲವೇ ಶತಮಾನಗಳ ಬೆಳವಣಿಗೆ. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನರು ಬಲಿಯಾದರು. ಸರಾಸರಿ ಉಷ್ಣತೆ ಏರಿದಂತೆ ಅಂತಹ ದಿನಗಳು ಹೆಚ್ಚುತ್ತವೆ. ಹಿಮಯುಗದ ನಿರೀಕ್ಷೆಯಲ್ಲಿ ಇಂದಿನ ತಾಪವನ್ನು ಕಡೆಗಣಿಸಲಾಗದು. ವಿಜಯವಾಡದಂತಹ ನಗರಗಳಲ್ಲಿ ಬೇಸಿಗೆಯ ನಡುಹಗಲಿನಲ್ಲಿ ದುಡಿಯುವವರಿಗೆ ನೆರಳು, ಕುಡಿಯುವ ನೀರು, ವಿಶ್ರಾಂತಿ ಒದಗಿಸುವುದು ಅತ್ಯಗತ್ಯ.