‘ಗೋವಿನ ಹಾಡ’ನ್ನು ಓದುವ ಬಗೆ



ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ಅಧ್ಯಾಪಕನಿಗೆ ಒಂದು ವಿಚಿತ್ರವಾದ ಅನುಭವವಾಗುವುದುಂಟು. ನಲವತ್ತು ಮಂದಿ ಬರೆದ ಪದ್ಯದ ಭಾವಾರ್ಥವು ಅಕ್ಷರಶಃ ಒಂದೇ ಆಗಿರುತ್ತದೆ. ಅದನ್ನು ತಪ್ಪೆನ್ನುವಂತಿಲ್ಲ. ಆದರೆ ಆ ನಲವತ್ತು ಮಂದಿಯಲ್ಲಿ ಪದ್ಯವನ್ನು ನಿಜವಾಗಿ ಓದಿದವರು ಎಷ್ಟು ಮಂದಿ ಎಂದು ಕೇಳಿಕೊಂಡರೆ ಮನಸ್ಸಿಗೆ ಕಳವಳವಾಗುತ್ತದೆ. ಗೈಡನ್ನು ಬರೆದ ಯಾರೋ ಒಬ್ಬರು ಓದಿದ್ದಾರೆ. ಉಳಿದವರು ಅವರ ಓದನ್ನು ಹೊತ್ತು ತಂದಿದ್ದಾರೆ. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂಬ ಗಾದೆಯ ಹಾಗಾಯಿತು ಇದು. ಸಾಹಿತ್ಯವನ್ನು ಸ್ವತಃ ಅರ್ಥಮಾಡಿಕೊಳ್ಳುವುದು ಹೇಗೆ, ತರಗತಿಯಿಂದ ತರಗತಿಗೆ ಆ ಶಕ್ತಿಯು ಹೇಗೆ ಬೆಳೆಯಬೇಕು ಎಂಬುದನ್ನು ನಿಮಗೆಲ್ಲ ಪರಿಚಿತವಾದ ಒಂದೇ ಹಾಡಿನ ಮೂಲಕ ವಿಚಾರಮಾಡೋಣ. ಅದು ‘ಗೋವಿನ ಹಾಡು’.

ಹಾಡನ್ನು ಕಟ್ಟಿದ ಕವಿಯ ಹೆಸರು ಉಳಿದು ಬಂದಿಲ್ಲ. ಕಥೆ ಮಾತ್ರ ಮನೆಮನೆಗಳಲ್ಲಿ ಉಳಿದಿದೆ. ಕಾಳಿಂಗನೆಂಬ ಗೊಲ್ಲನ ಮಂದೆಯ ಹಸು ಪುಣ್ಯಕೋಟಿಯನ್ನು ಅರ್ಬುತನೆಂಬ ಹಸಿದ ಹುಲಿಯು ಅಡ್ಡಗಟ್ಟುತ್ತದೆ. ಕರುವಿಗೆ ಹಾಲೂಡಿಸಿ ಮರಳಿ ಬರುವೆನೆಂದು ಮಾತು ಕೊಟ್ಟು ಪುಣ್ಯಕೋಟಿ ದೊಡ್ಡಿಗೆ ಹೋಗುತ್ತದೆ. ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ, ಕೊಟ್ಟ ಮಾತಿನಂತೆ ಗವಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದನ್ನು ಕಂಡು ಮನಕರಗಿದ ಹುಲಿಯು ಮೇಲಕ್ಕೆ ಹಾರಿ ಪ್ರಾಣಬಿಡುತ್ತದೆ.

ಮೊದಲನೆಯ ಓದು ಕಿವಿಯದು. ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಮಕ್ಕಳು ಈ ಹಾಡಿನ ಅರ್ಥವನ್ನು ಬರೆಯಬೇಕಾದ ಅಗತ್ಯವೇ ಇಲ್ಲ; ಅವರು ಅದನ್ನು ಕೇಳಬೇಕು, ಹಾಡಬೇಕು. ಕೈತಟ್ಟುತ್ತ ಹಾಡಿದರೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಎಂಬ ನಡೆಯು ತಾನಾಗಿಯೇ ತಿಳಿಯುತ್ತದೆ. ಪ್ರೌಢಶಾಲೆಯಲ್ಲಿ ನೀವು ಎದುರುಗೊಳ್ಳುವ ಕುಮಾರವ್ಯಾಸನ ಭಾಮಿನೀ ಷಟ್ಪದಿಯ ನಡೆಯೂ ಇದೇ. ಅದರ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕರ ಗಣಗಳು ಎರಡಾವರ್ತಿ ಬಂದು ಸಾಲಿಗೆ 14 ಮಾತ್ರೆಗಳಾಗುತ್ತವೆ. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಮೂರಾವರ್ತಿ ಬಂದು ಕೊನೆಗೊಂದು ಗುರು ಸೇರಿ 23 ಆಗುತ್ತವೆ. ಎಳವೆಯಲ್ಲಿ ಗೋವಿನ ಹಾಡನ್ನು ಬಾಯ್ತುಂಬ ಹಾಡಿದವನಿಗೆ ಛಂದಸ್ಸಿನ ಪಾಠವು ಹೊಸದಲ್ಲ, ಹಳೆಯ ಗೆಳೆಯನ ಭೇಟಿ.

ಕಿವಿಯ ಜೊತೆಗೆ ಕಣ್ಣೂ ತೆರೆಯಬೇಕು. ಮುಂಬಯಿಯಲ್ಲಿ ಬೆಳೆದ ನೀವು ಹಸುವನ್ನು ನೋಡಿರುವುದು ಬಹುಶಃ ಮಂದಿರದ ಮುಂದೆ, ಹುಲ್ಲಿನ ಕಟ್ಟುಗಳನ್ನಿಟ್ಟುಕೊಂಡು ಕುಳಿತ ಹೆಂಗಸಿನ ಬಳಿಯಲ್ಲಿ; ಹುಲಿಯನ್ನು ನೋಡಿರುವುದು ಭಾಯಖಳದ ರಾಣಿಬಾಗಿನಲ್ಲಿ. ದೊಡ್ಡಿ, ಮಂದೆ, ಗವಿ ಎಂಬ ಮಾತುಗಳು ನಿಮಗೆ ಬರಿಯ ಶಬ್ದಾರ್ಥಗಳಾಗಿವೆ. ಆದುದರಿಂದ ಊರಿನಲ್ಲಿ ದನ ಕಟ್ಟಿದ್ದ ಅಜ್ಜಿಯನ್ನೋ ತಾಯಿಯನ್ನೋ ಕೇಳಿರಿ: ಸಂಜೆಯಾದಾಗ ಕರುವಿಗಾಗಿ ಹಸುವು ಹೇಗೆ ಓಡಿ ಬರುತ್ತಿತ್ತು? ಕರು ಹೇಗೆ ಕೂಗುತ್ತಿತ್ತು? ಅವರ ಒಂದು ಮಾತು ಹತ್ತು ಶಬ್ದಾರ್ಥಗಳಿಗಿಂತ ಹೆಚ್ಚು ಬೆಳಕನ್ನು ಕೊಡುತ್ತದೆ.

ಎರಡನೆಯ ಓದು ಪ್ರಶ್ನೆಯದು. ಐದರಿಂದ ಏಳನೆಯ ತರಗತಿಯವರೆಗೆ ಕೇಳಬೇಕಾದುದು ಇಷ್ಟು: ಯಾರು, ಯಾರಿಗೆ, ಯಾವ ಧ್ವನಿಯಲ್ಲಿ, ಏಕೆ ಮಾತಾಡುತ್ತಾರೆ? ಮೊದಲು ಹುಲಿಯು ಹಸುವಿನ ಮಾತನ್ನು ನಂಬುವುದಿಲ್ಲ. ಸಿಕ್ಕ ಆಹಾರವು ಮರಳಿ ಬರುವುದೆಂದು ಯಾವ ಹುಲಿ ತಾನೇ ನಂಬೀತು?  ಇನ್ನು ಮುಂದೆ ತನಗೆ ಹಾಲು ಯಾರದು, ಆಸರೆ ಯಾರದು ಎಂಬುದು ಕರುವಿನ ಅಳಲು. ಕವಿಯು ಇಲ್ಲಿ ತಾಯಿಯ ಧರ್ಮವನ್ನೂ ಮಗುವಿನ ಭಯವನ್ನೂ ಎದುರುಬದುರು ನಿಲ್ಲಿಸಿದ್ದಾನೆ. ಕೊನೆಯಲ್ಲಿ ಇನ್ನೊಂದನ್ನು ಗಮನಿಸಿರಿ. ಮೊದಲು ಬರಿಯ ಬೇಟೆಯಾಗಿದ್ದ ಹಸುವು ಈಗ ಹುಲಿಯ ಕಣ್ಣಿಗೆ ಒಡಹುಟ್ಟಿದ ಅಕ್ಕನಾಗಿದೆ. ಕಥೆಯ ತಿರುವು ಆ ಒಂದು ಸಂಬೋಧನೆಯಲ್ಲಿ ಅಡಗಿದೆ. ಸಾರಾಂಶವನ್ನು ಮಾತ್ರ ಕಲಿತವನಿಗೆ ಅದು ಎಂದಿಗೂ ಕಾಣಿಸದು.

ಮೂರನೆಯದು ತೂಗಿ ನೋಡುವ ಓದು. ಇದನ್ನು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಈ ಹಾಡಿನ ಮಾತು ಬಂದಾಗ ಬಾಲಕನೊಬ್ಬನು ಎದ್ದುನಿಂತು, “ಸರ್, ಮಾಂಸ ತಿನ್ನುವುದು ಹುಲಿಯ ಸ್ವಭಾವವಲ್ಲವೇ? ಅದು ಏಕೆ ಸಾಯಬೇಕು?” ಎಂದು ಕೇಳಿದನು. ಗಂಟೆ ಹೊಡೆಯುವ ಹೊತ್ತಾಗಿತ್ತು. “ಸತ್ಯಕ್ಕೆ ಜಯ ಎಂದು ಬರೆದುಕೋ” ಎಂದುಬಿಟ್ಟೆನು. ಅವನು ಬರೆದುಕೊಂಡನು. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಆ ದಿನ ನಾನು ಕೊಡಬೇಕಾಗಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಹುಲಿಯ ಸಾವಿಗೆ ಒಂದಕ್ಕಿಂತ ಹೆಚ್ಚು ಅರ್ಥಗಳನ್ನು ಹೇಳಬಹುದು. ಇಂಥವಳನ್ನು ಕೊಂದು ತಿಂದರೆ ದೇವರು ಮೆಚ್ಚನು ಎಂದು ಹುಲಿಯೇ ಚಿಂತಿಸುವುದರಿಂದ ಅದು ಪಶ್ಚಾತ್ತಾಪದ ಸಾವು ಎನ್ನಬಹುದು. ಬೇಟೆಯಲ್ಲಿ ಅಕ್ಕನನ್ನು ಒಮ್ಮೆ ಕಂಡ ಮೇಲೆ ಬೇಟೆಯಾಡಿ ಬದುಕುವುದು ಅದಕ್ಕೆ ಅಸಾಧ್ಯವಾಯಿತು ಎಂದೂ ಹೇಳಬಹುದು. ಎರಡಕ್ಕೂ ಹಾಡಿನಲ್ಲಿ ಆಧಾರವಿದೆ. ಆದರೆ ಹುಲಿಯು ರೋಗದಿಂದ ಸತ್ತಿತು ಎಂದರೆ ಅದಕ್ಕೆ ಆಧಾರವಿಲ್ಲ. ಅರ್ಥ ಹೇಳುವ ಸ್ವಾತಂತ್ರ್ಯವು ಎಲ್ಲರಿಗೂ ಉಂಟು, ಆದರೆ “ಹಾಡಿನ ಯಾವ ಮಾತು ಹಾಗೆ ಹೇಳುತ್ತದೆ?” ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯೂ ಅದರೊಡನೆಯೇ ಉಂಟು.

ಕೃತಿಗೆ ಕೃತಿಯನ್ನು ಹೋಲಿಸಿ ನೋಡುವುದೂ ಈ ಹಂತದ ಕೆಲಸವೇ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ನಾಯಕನೂ ಮಾತಿಗೆ ತಪ್ಪದವನು, ಅದಕ್ಕಾಗಿ ರಾಜ್ಯವನ್ನು ತೊರೆದು ಹೆಂಡತಿಯನ್ನೂ ಮಗನನ್ನೂ ಮಾರಿದವನು. ಅವನ ಸತ್ಯಕ್ಕೆ ಇಂದ್ರಸಭೆಯ ವಾದವೇ ಹಿನ್ನೆಲೆ. ವಸಿಷ್ಠ ವಿಶ್ವಾಮಿತ್ರರಂಥ ಋಷಿಗಳು ಅದನ್ನು ನೋಡುತ್ತಿದ್ದಾರೆ. ಪುಣ್ಯಕೋಟಿಯಾದರೋ ಮಾತು ಕೊಟ್ಟದ್ದು ತನ್ನನ್ನು ತಿನ್ನಲಿರುವ ಹುಲಿಗೆ. ಕಾಡಿನಲ್ಲಿ ಅದಕ್ಕೆ ಬೇರೆ ಸಾಕ್ಷಿಗಳಿಲ್ಲ. ಇವೆರಡರಲ್ಲಿ ಯಾವ ಸತ್ಯ ಹೆಚ್ಚು ಕಷ್ಟದ್ದು? ಕರುವನ್ನು ತಬ್ಬಲಿಮಾಡುವ ಸತ್ಯವು ದೊಡ್ಡದೇ? ಈ ಪ್ರಶ್ನೆಗಳು ದೊಡ್ಡವರನ್ನೂ ಬಿಟ್ಟಿಲ್ಲ. 1968ರಲ್ಲಿ ಪ್ರಕಟವಾದ ಎಸ್. ಎಲ್. ಭೈರಪ್ಪನವರ ಕಾದಂಬರಿಯೊಂದು ತನ್ನ ಹೆಸರನ್ನೇ ಈ ಹಾಡಿನಿಂದ ಪಡೆಯಿತು. 1977ರಲ್ಲಿ ಅದು ಚಲನಚಿತ್ರವೂ ಆಯಿತು. ಒಂದನೆಯ ತರಗತಿಯ ಮಗು ಹಾಡುವ ಕಥೆಯೇ ಪ್ರೌಢ ಲೇಖಕನನ್ನೂ ಕಾಡಬಲ್ಲುದಾದರೆ, ಅದನ್ನು ಒಮ್ಮೆ ಕಲಿತು ಮುಗಿಸಿದೆವು ಎನ್ನುವುದು ಹೇಗೆ?

ವಿದ್ಯಾರ್ಥಿಗಳೇ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಹಿಂದಿಗಳು, ಮುಂದೆ ಕಾಲೇಜಿನಲ್ಲಿ ಇಂಗ್ಲಿಷು—ಇದು ನಿಮ್ಮ ಜೀವನಕ್ರಮ. ಹತ್ತನೆಯ ತರಗತಿಯು ಮುಗಿದ ಮರುದಿನ ನಿಮಗೆ ಕನ್ನಡದ ಅಧ್ಯಾಪಕರೂ ಇರಲಾರರು, ಗೈಡೂ ಇರಲಾರದು. ಕಂಠಪಾಠ ಮಾಡಿದ ಭಾವಾರ್ಥವು ಅಂದೇ ಮರೆತುಹೋಗುತ್ತದೆ. ಪುಸ್ತಕವೊಂದನ್ನು ತಾನೇ ತೆರೆದು, ಕೇಳಿ, ಪ್ರಶ್ನಿಸಿ, ತೂಗಿ ನೋಡಬಲ್ಲವನಿಗೆ ಮಾತ್ರ ಕನ್ನಡವು ಜೀವನದುದ್ದಕ್ಕೂ ಜೊತೆಗಿರುತ್ತದೆ. ಈ ರಜೆಯಲ್ಲಿ ಗೋವಿನ ಹಾಡನ್ನು ಮನೆಯವರೊಡನೆ ಒಮ್ಮೆ ಓದಿರಿ. ನಿಮ್ಮದೇ ಆದ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಂಡು ತರಗತಿಗೆ ಬನ್ನಿರಿ. ಗಂಟೆ ಹೊಡೆದರೂ ಈ ಬಾರಿ ನಾನು ಅವಸರಪಡುವುದಿಲ್ಲ.

ದೇಶ ಸುತ್ತು, ಕೋಶ ಓದು ಎಂದು ಬಲ್ಲವರು ಹೇಳಿದ್ದಾರೆ. ದೇಶ ಸುತ್ತುವ ಕೆಲಸವನ್ನು ನಿಮ್ಮ ಹಿರಿಯರು ಮಾಡಿ ಈ ನಗರಕ್ಕೆ ಬಂದರು. ಕೋಶ ಓದುವ ಕೆಲಸ ನಿಮ್ಮದಾಗಿ ಉಳಿದಿದೆ.